ನಮ್ಮ ಮನೆಯ ಬಾಗಿಲುಗಳು

ಮನೆಯೆಂದರೆ ನಾಲ್ಕು ಗೋಡೆ ಒಂದು ಸೂರು ಎಂದು ಹೇಳುವ ವಾಡಿಕೆಯುಂಟು. ಆದರೆ ಆ ಗೋಡೆಗಳ ನಡುವೆ ಬಾಗಿಲೊಂದಿಲ್ಲದಿದ್ದರೆ ಅದು ಮನೆಯಾಗದೆ ಹಗೇವಾಗುತ್ತಿತ್ತು. ನಮ್ಮ ಹಿರಿಯರು ಇದನ್ನು ಚೆನ್ನಾಗಿ ಬಲ್ಲವರಾಗಿದ್ದರು. ಗೋಡೆ ಏಳಿಸುವ ದಿನ ಅವರು ಯಾರನ್ನೂ ಕರೆಯುತ್ತಿರಲಿಲ್ಲ. ಬಾಗಿಲು ನಿಲ್ಲಿಸುವ ದಿನ ಮಾತ್ರ ನೆಂಟರಿಷ್ಟರಿಗೆಲ್ಲ ಹೇಳಿಕಳುಹಿಸಿ, ಹೊಸಿಲಿನ ಕೆಳಗೆ ನವರತ್ನದ ಚೂರನ್ನೋ ಒಂದು ಬೆಳ್ಳಿಯ ಕಾಸನ್ನೋ ಇರಿಸಿ, ಬಾಗಿಲುವಾಡಕ್ಕೆ ಅರಿಸಿನ ಕುಂಕುಮ ಹಚ್ಚಿ, ಮಾವಿನೆಲೆಯ ತೋರಣ ಕಟ್ಟಿ ಪೂಜೆಮಾಡುತ್ತಿದ್ದರು. ಆ ಪದ್ಧತಿ ಈಗಲೂ ಅಳಿದಿಲ್ಲ. ಆದರೆ ಈ ಮರ್ಯಾದೆಯೆಲ್ಲ ಬೀದಿಯ ಬಾಗಿಲಿಗೆ ಮಾತ್ರ. ಮನೆಯೊಳಗಿನ ಬಾಗಿಲುಗಳನ್ನು ಕೇಳುವವರಾರು? ಅವು ಬಂದು ನಿಂತ ದಿನ ಹೇಗಿದ್ದುವೋ ಮುರಿದು ಬೀಳುವ ದಿನವೂ ಹಾಗೆಯೇ ಇರತಕ್ಕವು.

ಶ್ರೀರಂಗಪಟ್ಟಣದಲ್ಲಿ ನಾವು ಮನೆ ಕಟ್ಟಿಸಿ ಹತ್ತು ವರ್ಷಗಳಾದುವು. ಬೀದಿಯ ಬಾಗಿಲಿಗೆ ಸಾಲಮಾಡಿ ತೇಗದ ಮರ ತಂದೆವು. ಅಲ್ಲಿಗೆ ಕೈ ಬರಿದಾದುದರಿಂದ ಒಳಗಿನ ಐದು ಬಾಗಿಲುಗಳಿಗೆ ಅಂಗಡಿಯಲ್ಲಿ ಸಿದ್ಧವಾಗಿ ಸಿಕ್ಕುವ ಫ್ಲಷ್ ಡೋರುಗಳನ್ನೇ ಕೊಂಡೆವು. ದೇವರ ಮನೆ, ನಮ್ಮ ಕೋಣೆ, ಮಕ್ಕಳ ಕೋಣೆ, ಬಂದವರ ಕೋಣೆ, ಬಚ್ಚಲ ಮನೆ: ಐದಕ್ಕೂ ಒಂದೇ ಅಳತೆ, ಒಂದೇ ಕೆನೆಬಣ್ಣ, ಒಂದೇ ಬಗೆಯ ಉಕ್ಕಿನ ಗುಂಡು ಹಿಡಿ. ಹಜಾರದ ನಡುವೆ ನಿಂತು ನೋಡಿದರೆ ಐದೂ ಸಮವಸ್ತ್ರ ಧರಿಸಿದ ಸಿಪಾಯಿಗಳಂತೆ ಕಾಣುತ್ತಿದ್ದುವು. ಎಷ್ಟು ಅಚ್ಚುಕಟ್ಟು ಎಂದು ನಾವೇ ಬಂದವರೊಡನೆ ಹೆಮ್ಮೆಯಿಂದ ಹೇಳಿಕೊಂಡದ್ದುಂಟು. ಆ ಹೆಮ್ಮೆಯ ಬೆಲೆ ಏನೆಂಬುದು ನಮಗೆ ತಿಳಿದದ್ದು ನಮ್ಮ ತಾಯಿಯವರು ಬಂದಮೇಲೆ.

ನಮ್ಮ ತಾಯಿಯವರು ಕೃಷ್ಣರಾಜಪೇಟೆ ತಾಲ್ಲೂಕಿನ ಹಳ್ಳಿಯೊಂದರ ತೊಟ್ಟಿಯ ಮನೆಯಲ್ಲಿ ಅರುವತ್ತು ವರ್ಷ ಬಾಳಿದವರು. ಆ ಮನೆಯಲ್ಲಿ ಒಂದು ಬಾಗಿಲಿನ ಹಾಗೆ ಇನ್ನೊಂದಿರಲಿಲ್ಲ. ನಡುಮನೆಯದು ಹಲಸಿನ ಮರದ ಜೋಡಿ ಕದ. ಅಡಿಗೆಮನೆಯದು ತಲೆ ಬಗ್ಗಿಸದೆ ಒಳಹೋಗಲಾರದಷ್ಟು ಕುಳ್ಳು. ದವಸದ ಕೋಣೆಗೆ ಮರದ ಅಗಳಿ. ದನದ ಕೊಟ್ಟಿಗೆಗೆ ಕಬ್ಬಿಣದ ಸರಪಳಿ. ಯಾವ ಬಾಗಿಲು ತೆರೆಯಿತೆಂಬುದನ್ನು ಅವರು ಕಣ್ಣಿನಿಂದ ನೋಡಿ ತಿಳಿಯಬೇಕಾಗಿರಲಿಲ್ಲ, ಒಲೆಯ ಮುಂದೆ ಕುಳಿತಿದ್ದಂತೆಯೇ, "ಯಾರದು, ದವಸದ ಕೋಣೇಲಿ?" ಎಂದು ಕೂಗುತ್ತಿದ್ದರು. ನಮ್ಮ ತಂದೆಯವರು ತೀರಿಕೊಂಡಮೇಲೆ ಆ ಮನೆ ಪಾಲಾಯಿತು; ಪಾಲಾದಮೇಲೆ ಬಿದ್ದೂ ಹೋಯಿತು. ತಾಯಿಯವರು ಮೂರು ವರ್ಷದ ಹಿಂದೆ ಒಂದು ಟ್ರಂಕನ್ನೂ, ನಡುಮನೆಯ ಕದದಿಂದ ಬಿಚ್ಚಿಸಿದ ಹಿತ್ತಾಳೆಯ ಚಿಲಕವೊಂದನ್ನೂ ತೆಗೆದುಕೊಂಡು ನಮ್ಮಲ್ಲಿಗೆ ಬಂದರು. ಬಂದವರ ಕೋಣೆಯೇ ಅವರ ಕೋಣೆಯಾಯಿತು. ಚಿಲಕವನ್ನು ಏಕೆ ತಂದಿರೆಂದು ಕೇಳಿದ್ದಕ್ಕೆ, "ಇರಲಿ ಬಿಡಪ್ಪ" ಎಂದರು. ನಾವೂ ಬಿಟ್ಟೆವು.

ಒಂದು ರಾತ್ರಿ ಮಕ್ಕಳ ಕೋಣೆಯಿಂದ ಗದ್ದಲ ಕೇಳಿಸಿತು. ಎದ್ದು ಹೋಗಿ ನೋಡಲಾಗಿ, ತಾಯಿಯವರು ಕತ್ತಲೆಯಲ್ಲಿ ಮೊಮ್ಮಗನ ಮೇಜನ್ನು ಹಿಡಿದು ನಿಂತಿದ್ದರು; ಕೆಳಗೆ ಪುಸ್ತಕಗಳು ಚೆಲ್ಲಿದ್ದುವು. ಬಚ್ಚಲ ಮನೆಗೆಂದು ಹೊರಟವರು ಬಾಗಿಲು ತಪ್ಪಿದ್ದರು. ಹುಡುಗ ನಿದ್ದೆಗಣ್ಣಿನಲ್ಲಿ ನಕ್ಕುಬಿಟ್ಟನು. ನಾವೂ ಸ್ವಲ್ಪ ನಕ್ಕೆವೆಂದು ಒಪ್ಪಿಕೊಳ್ಳಬೇಕು. ತಾಯಿಯವರು ನಗಲಿಲ್ಲ, ಏನನ್ನೂ ಹೇಳಲೂ ಇಲ್ಲ.

ಇದಾದ ಎರಡು ತಿಂಗಳಿಗೆ ಅವರಿಗೆ ಜ್ವರ ಬಂದಿತು. ಉರಿಮೂತ್ರದ ಬಾಧೆಯೆಂದೂ, ಇವರು ನೀರು ಕುಡಿಯುವುದು ತೀರ ಕಡಮೆಯಾಗಿದೆಯೆಂದೂ ವೈದ್ಯರು ಹೇಳಿದರು. ಮನೆಗೆ ಬಂದು ನಮ್ಮ ಮನೆಯಾಕೆ, "ಏಕತ್ತೆ, ಬಾಯಾರಿಕೆ ಆಗುವುದಿಲ್ಲವೆ?" ಎಂದು ಕೇಳಿದಳು. ಬಹಳ ಹೊತ್ತು ಸುಮ್ಮನಿದ್ದು ಅವರು ಹೇಳಿದ್ದಿಷ್ಟು: "ಬೈಗಾದ ಮೇಲೆ ನೀರು ಕುಡಿಯಾಕಿಲ್ಲ ಕಣವ್ವ. ಕುಡಿದರೆ ರಾತ್ರಿ ಏಳಬೇಕು. ಎದ್ದರೆ ಎಲ್ಲಾ ಬಾಗಿಲೂ ಒಂದೇ ಹಂಗವೆ. ಗೊತ್ತಾಗದೆ ಯಾರನ್ನಾರ ಎಬ್ಬಿಸಿಬುಟ್ಟೇನು ಅಂತ."

ಆ ದಿನ ಐದು ಬಾಗಿಲುಗಳ ಮುಂದೆ ನಿಂತು ನೋಡಿದೆವು. ಅವರು ಹೇಳಿದ್ದು ನಿಜವಾಗಿತ್ತು. ಗೋಡೆಯೂ ಕೆನೆಬಣ್ಣ, ಬಾಗಿಲೂ ಕೆನೆಬಣ್ಣ. ವಯಸ್ಸಾದಂತೆ ಕಣ್ಣಿನ ಮಸೂರವು ಹಳದಿಗಟ್ಟುವುದು. ಆಗ ನೀಲಿ ಹಸುರುಗಳೆಂಬ ಭೇದ ಮಂಕಾಗುತ್ತದೆ, ತಿಳಿಯಾದ ಬಣ್ಣಗಳೆಲ್ಲ ಒಂದರೊಳಗೊಂದು ಕಲೆತುಹೋಗುತ್ತವೆ. ಕೆಂಪು, ಕಾವಿ, ಗಾಢವಾದ ಹಳದಿ, ಇವು ಮಾತ್ರ ಬಹುಕಾಲ ಚೆನ್ನಾಗಿ ಕಾಣುತ್ತವೆ. ಇದಲ್ಲದೆ, ಗೋಡೆಗೂ ಬಾಗಿಲಿಗೂ ಬಣ್ಣದ ಅಂತರವಿಲ್ಲದಿದ್ದರೆ ಮುದಿಗಣ್ಣಿಗೆ ಬಾಗಿಲೇ ಇಲ್ಲವೆಂಬಂತೆ ತೋರುವುದು. ಗುಂಡು ಹಿಡಿಯಂತೂ ಸಂಧಿವಾತದ ಕೈಗೆ ಶತ್ರುವೇ ಸರಿ. ಅದನ್ನು ಬಿಗಿಯಾಗಿ ಹಿಡಿದು ತಿರುಗಿಸಬೇಕು. ಇಷ್ಟು ದಿನ ನಾವು ಅಚ್ಚುಕಟ್ಟೆಂದು ತಿಳಿದದ್ದು ಒಬ್ಬ ಮುದುಕಿಯ ಪಾಲಿಗೆ ಕಾಡಾಗಿತ್ತು.

ಬಾಗಿಲುಗಳನ್ನು ಬದಲಾಯಿಸುವಷ್ಟು ಹಣ ನಮ್ಮಲ್ಲಿರಲಿಲ್ಲ. ಇದ್ದ ಬಾಗಿಲುಗಳಿಗೇ ಒಂದೊಂದು ಮುಖ ಕೊಡಬೇಕೆಂದು ನಿಶ್ಚಯಿಸಿದೆವು. ಅದಕ್ಕೆ ಮಾದರಿಯನ್ನು ಹುಡುಕಿಕೊಂಡು ದೂರ ಹೋಗಬೇಕಾದುದೂ ಇರಲಿಲ್ಲ.

ನಮ್ಮ ಊರಿನಲ್ಲಿಯೇ ದರಿಯಾ ದೌಲತ್ ಇದೆ. ಟಿಪ್ಪು ಸುಲ್ತಾನನು 1784ರಲ್ಲಿ ಕಟ್ಟಿಸಿದ ಆ ಬೇಸಗೆಯ ಅರಮನೆಯ ಪಶ್ಚಿಮದ ಗೋಡೆಯ ಮೇಲೆ 1780ರ ಪೊಲ್ಲಿಲೂರಿನ ಕಾಳಗದ ಚಿತ್ರವಿರುವುದನ್ನು ಎಲ್ಲರೂ ನೋಡಿಬರುತ್ತಾರೆ. ನಾವೂ ಎಷ್ಟೋ ಸಲ ನೆಂಟರನ್ನು ಕರೆದುಕೊಂಡು ಹೋಗಿ ಆನೆ ಕುದುರೆಗಳನ್ನು ತೋರಿಸಿದ್ದೆವು. ಈ ಸಲ ಕಾಳಗವನ್ನು ಬಿಟ್ಟು ಒಳಗಿನ ಕಂಬ ಕಮಾನುಗಳನ್ನು ನೋಡಿದೆವು. ಮರವೆಲ್ಲ ಬಳ್ಳಿ ಹೂವುಗಳ ಬರೆವಣಿಗೆಯಿಂದ ತುಂಬಿದೆ. ಆದರೂ ಕಣ್ಣಿಗೆ ಆಯಾಸವಾಗುವುದಿಲ್ಲ. ಏಕೆಂದರೆ ಪ್ರತಿಯೊಂದು ಚಿತ್ತಾರಕ್ಕೂ ಸುತ್ತ ಒಂದು ಅಂಚಿದೆ. ಅಂಚು ಕಟ್ಟಿದರೆ ಬರಿಯ ಹಲಗೆಗೂ ಅಂದ ಬರುವುದೆಂಬ ಪಾಠ ಅಲ್ಲಿ ದೊರೆಯಿತು.

ಎರಡನೆಯ ಪಾಠ ಕೃಷ್ಣರಾಜಪೇಟೆಯ ಬಳಿಯ ಹೊಸಹೊಳಲಿನದು. ಅಲ್ಲಿಯ ಲಕ್ಷ್ಮೀನಾರಾಯಣ ದೇವಾಲಯ ಹದಿಮೂರನೆಯ ಶತಮಾನದ ಹೊಯ್ಸಳರ ಕೆಲಸ. ಹೊರಗೋಡೆಯ ಬುಡದಲ್ಲಿ ಆನೆಗಳ ಸಾಲು, ಅದರ ಮೇಲೆ ಕುದುರೆಯ ಸವಾರರು, ಆಮೇಲೆ ಬಳ್ಳಿ, ಪುರಾಣದ ಕಥೆ, ಮಕರ, ಎಲ್ಲಕ್ಕೂ ಮೇಲೆ ಹಂಸಗಳ ಸಾಲು. ತಾಯಿಯವರು ಆ ಪಟ್ಟಿಕೆಯನ್ನು ಬೆರಳಿನಿಂದ ಸವರುತ್ತ ನಡೆದರು. "ಮುಟ್ಟಿದರೆ ಯಾವುದು ಯಾವುದು ಅಂತ ತಿಳಿಯುತ್ತೆ" ಎಂದರು. ಈ ಮಾತೇ ನಮಗೆ ಮೂರನೆಯ ಪಾಠವಾಯಿತು: ಬಾಗಿಲಿನ ಗುರುತು ಕಣ್ಣಿಗೆ ಮಾತ್ರವಲ್ಲ, ಕೈಗೂ ಸಿಕ್ಕಬೇಕು. ಹಂಸದ ಸಾಲನ್ನು ಮಗಳು ಕಾಗದದ ಮೇಲೆ ಬರೆದುಕೊಂಡಳು.

ಇನ್ನು ಕೆಲಸದ ವಿಚಾರ. ನಮ್ಮಂತೆಯೇ ಮಾಡಬೇಕೆನ್ನುವ ವಾಚಕರು ನಾವು ಮಾಡಿದ ತಪ್ಪುಗಳನ್ನು ಮಾಡದಿರಲೆಂದು ಕೊಂಚ ವಿವರವಾಗಿಯೇ ಹೇಳುತ್ತೇವೆ.

ಮೊದಲನೆಯ ತಪ್ಪು ಬಣ್ಣದ್ದು. ಉತ್ಸಾಹದಲ್ಲಿ ಹಳೆಯ ಹೊಳಪಿನ ಬಣ್ಣದ ಮೇಲೆಯೇ ಹೊಸ ಬಣ್ಣ ಬಳಿದೆವು, ಅದೂ ಆಷಾಢದ ಜಡಿಮಳೆಯಲ್ಲಿ. ಮೂರು ದಿನವಾದರೂ ಅಂಟು ಬಿಡಲಿಲ್ಲ; ವಾರದ ಮೇಲೆ ಉಗುರು ತಾಗಿದಲ್ಲೆಲ್ಲ ಬಾಳೆಯ ಹಣ್ಣಿನ ಸಿಪ್ಪೆಯಂತೆ ಸುಲಿದು ಬಂದಿತು. ಎಲ್ಲವನ್ನೂ ಕೆರೆದು ಮತ್ತೆ ಮೊದಲಿನಿಂದ ಹಿಡಿದೆವು. ಕ್ರಮವಿದು: ಮಳೆ ಹೊರಟುಹೋದಮೇಲೆ ಬಾಗಿಲನ್ನು ಸೋಪಿನ ನೀರಿನಿಂದ ಒರೆಸಿ ಒಣಗಿಸಬೇಕು. 120ನೆಯ ನಂಬರಿನ ಮರಳುಕಾಗದದಿಂದ ಹೊಳಪು ಹೋಗುವತನಕ ಉಜ್ಜಬೇಕು. ತೂತು ಬಿರುಕುಗಳಿಗೆ ಪುಟ್ಟಿ ತುಂಬಿ, ಪ್ರೈಮರನ್ನು ಒಂದು ಸಲ ಬಳಿದು ಒಂದು ದಿನ ಬಿಡಬೇಕು. ಆಮೇಲೆ 220ನೆಯ ನಂಬರಿನ ಕಾಗದದಿಂದ ಹಗುರವಾಗಿ ತಿಕ್ಕಿ, ಎನಾಮಲು ಬಣ್ಣವನ್ನು ತೆಳುವಾಗಿ ಎರಡು ಸಲ ಬಳಿಯಬೇಕು. ಒಂದು ಬಳಿತಕ್ಕೂ ಇನ್ನೊಂದಕ್ಕೂ ನಡುವೆ ಒಂದು ರಾತ್ರಿ ಕಳೆಯಲೇಬೇಕು. ದಪ್ಪವಾಗಿ ಒಂದೇ ಸಲ ಬಳಿದರೆ ಬಣ್ಣ ಇಳಿದು ಕಣ್ಣೀರು ಸುರಿಸಿದಂತೆ ಕಾಣುವುದು.

ಇಲ್ಲಿ ಒಂದು ಎಚ್ಚರಿಕೆಯನ್ನು ಹೇಳದೆ ಮುಂದೆ ಹೋಗಲಾಗದು. ಹಳೆಯ ಬಣ್ಣಗಳಲ್ಲಿ ಸೀಸವಿರುವ ಸಂಭವವುಂಟು. ಮನೆಯ ಬಣ್ಣಗಳಲ್ಲಿ ಸೀಸವು ಹತ್ತು ಲಕ್ಷ ಭಾಗಕ್ಕೆ 90 ಭಾಗ ಮೀರಕೂಡದೆಂಬ ಸರಕಾರದ ನಿಯಮ 2016ರಲ್ಲಿ ಹೊರಟು 2017ರ ನವೆಂಬರಿನಿಂದ ಜಾರಿಗೆ ಬಂದಿತು. ಅದಕ್ಕಿಂತ ಹಿಂದಿನ ಬಣ್ಣವನ್ನು ಒಣದಾಗಿ ಉಜ್ಜಿದರೆ ಆ ಧೂಳು ಚಿಕ್ಕ ಮಕ್ಕಳ ಮೆದುಳಿಗೆ ಕೇಡು ಮಾಡತಕ್ಕದ್ದು. ನೀರು ತಾಗಿಸಿ ಉಜ್ಜುವ ಕಾಗದವನ್ನು ಬಳಸಬೇಕು. ಮೂಗು ಬಾಯಿಗೆ ಕಟ್ಟಿಕೊಳ್ಳಬೇಕು. ಕೆಲಸ ಮುಗಿದಮೇಲೆ ಗುಡಿಸದೆ ಒದ್ದೆಬಟ್ಟೆಯಿಂದ ಒರೆಸಬೇಕು. ಮಕ್ಕಳನ್ನು ಆ ಹೊತ್ತು ಅಜ್ಜಿಯೊಡನೆ ಹೊರಗೆ ಕಳುಹಿಸಬೇಕು.

ಎರಡನೆಯ ತಪ್ಪು ಮೊಳೆಯದು. ದರಿಯಾ ದೌಲತ್ತಿನ ಅಂಚು ಮನಸ್ಸಿನಲ್ಲಿದ್ದುದರಿಂದ ಪಾಂಡವಪುರದ ಮರದಂಗಡಿಯಲ್ಲಿ ಬೆರಳಗಲದ ಬೀಡಿಂಗು ಪಟ್ಟಿಗಳನ್ನು ಕೊಂಡು ತಂದು, ನಮ್ಮ ಕೋಣೆಯ ಬಾಗಿಲಿನ ಮೇಲೆ ಮೇಲೊಂದು ಕೆಳಗೊಂದು ಚೌಕಟ್ಟು ಮೂಡುವಂತೆ ಮೊಳೆ ಹೊಡೆಯತೊಡಗಿದೆವು. ಮೊಳೆ ಬೆಣ್ಣೆಯೊಳಕ್ಕೆ ಹೋದಂತೆ ಹೋಯಿತು, ಹಿಡಿಯಲಿಲ್ಲ. ಕರೆದ ಬಡಗಿಯು ಬಾಗಿಲನ್ನು ಗೆಣ್ಣಿನಿಂದ ತಟ್ಟಿ, "ಸ್ವಾಮಿ, ಇದು ಪೊಳ್ಳು" ಎಂದನು. ಫ್ಲಷ್ ಡೋರುಗಳಲ್ಲಿ ಒಳಗೆಲ್ಲ ಮರ ತುಂಬಿದ್ದು ಒಂದು ಜಾತಿ, ನಡುವೆ ಗೂಡುಗೂಡಾಗಿ ಪೊಳ್ಳಾಗಿರುವುದು ಇನ್ನೊಂದು ಜಾತಿ. ಪೊಳ್ಳು ಬಾಗಿಲಿನಲ್ಲಿ ಸುತ್ತಲಿನ ಅಂಚಿನಲ್ಲಿಯೂ ಬೀಗ ಕೂರುವ ಎಡೆಯಲ್ಲಿಯೂ ಮಾತ್ರ ಗಟ್ಟಿ ಮರವಿರುತ್ತದೆ. ಅಂತಹುದಕ್ಕೆ ಪಟ್ಟಿಗಳನ್ನು ಮರದ ಅಂಟಿನಿಂದ ಕೂಡಿಸಿ, ಒಣಗುವತನಕ ಕಾಗದದ ಅಂಟುಪಟ್ಟಿಯಿಂದ ಬಿಗಿದಿಡುವುದೇ ಸರಿಯಾದ ಮಾರ್ಗ. ಪಟ್ಟಿಯ ಮೂಲೆಗಳನ್ನು ನಲವತ್ತೈದು ಅಂಶದ ಓರೆಯಲ್ಲಿ ಕೊಯ್ಯಬೇಕು. ನಾವು ಕೊಯ್ದ ಮೂಲೆಗಳು ಕೂಡಲಿಲ್ಲ. ಸಂದಿಗೆ ಪುಟ್ಟಿ ತುಂಬಿ ಬಣ್ಣ ಬಳಿದಮೇಲೆ ಕೂಡಿದಂತೆ ಕಾಣುತ್ತವೆ. ಈ ಗುಟ್ಟನ್ನು ಓದುಗರು ನಮ್ಮ ನೆಂಟರಿಗೆ ಹೇಳಬಾರದು.

ದೇವರ ಮನೆಯ ಬಾಗಿಲಿಗೆ ಕಾವಿಯ ಬಣ್ಣ ಬಳಿದೆವು. ಮೇಲ್ಗಡೆ ಹಂಸಗಳ ಸಾಲು ಬಂದಿದೆ. ಅದಕ್ಕೆ ಅಚ್ಚನ್ನು ಮಾಡಿದ್ದು ತಾಯಿಯವರ ಹಳೆಯ ಎಕ್ಸರೇ ಫಿಲ್ಮಿನಿಂದ. ಹರಿತವಾದ ಅಲಗಿನಿಂದ ಕೊಯ್ದರೆ ಅದರಷ್ಟು ಒಳ್ಳೆಯ ಅಚ್ಚು ಬೇರೆಯಿಲ್ಲ. ಅಚ್ಚನ್ನು ಬಾಗಿಲಿಗೆ ಅಂಟಿಸಿ, ಸ್ಪಂಜಿನ ತುಣುಕನ್ನು ಬಿಳಿಯ ಬಣ್ಣದಲ್ಲಿ ಅದ್ದಿ ಕಾಗದಕ್ಕೊತ್ತಿ ಮುಕ್ಕಾಲು ತೆಗೆದು, ಆಮೇಲೆ ಮೆಲ್ಲನೆ ತಟ್ಟಬೇಕು. ಬಣ್ಣ ಹೆಚ್ಚಾದರೆ ಅಚ್ಚಿನ ಕೆಳಗೆ ಹರಿದು ಹಂಸವು ಬಾತುಕೋಳಿಯಾಗುವುದು; ನಮ್ಮ ಮೂರನೆಯ ಹಂಸ ಹಾಗೆಯೇ ಆಗಿದೆ. ಕೈ ತಾಗುವೆಡೆಯಲ್ಲಿ ಎರಡು ಪುಟ್ಟ ಗಂಟೆಗಳನ್ನು ತೂಗಿಬಿಟ್ಟೆವು.

ಮಕ್ಕಳ ಕೋಣೆಯ ಬಾಗಿಲಿನ ಕೆಳಗಿನ ಅರ್ಧಕ್ಕೆ ಶಾಲೆಯ ಕರಿಹಲಗೆಯ ಬಣ್ಣ, ಮೇಲರ್ಧಕ್ಕೆ ಗಾಢವಾದ ಹಳದಿ. ಬಣ್ಣದ ಗಡಿಯಲ್ಲಿ ಸೀಮೆಸುಣ್ಣಕ್ಕೊಂದು ಮರದ ತಟ್ಟೆ. ಗೋಡೆಯ ಮೇಲೆ ಗೀಚುತ್ತಿದ್ದ ಮಗಳು ಈಗ ಗೋಡೆಯನ್ನು ಮರೆತಿದ್ದಾಳೆ.

ಬಚ್ಚಲ ಮನೆಯ ಬಾಗಿಲಿನ ವಿಷಯದಲ್ಲಿ ಮಾತ್ರ ಜಗಳವಾಯಿತು. ಅದೇ ಮುಖ್ಯವಾದ ಬಾಗಿಲಾದ್ದರಿಂದ ದೂರಕ್ಕೆ ಕಾಣಲೆಂದು, ದೇವಸ್ಥಾನದ ಗೋಡೆಗೆ ಬಳಿಯುವಂತೆ ಸುಣ್ಣ ಕೆಮ್ಮಣ್ಣಿನ ಪಟ್ಟೆಗಳನ್ನು ಎಳೆಯುವುದಾಗಿ ನಾವು ಹೇಳಿದೆವು. ತಾಯಿಯವರು ಹೌಹಾರಿ, "ನಿನಗೇನು ಬುದ್ಧಿ ಕೆಟ್ಟೈತಾ? ಬಚ್ಚಲಿಗೆ ಗುಡಿ ಪಟ್ಟೆ ಬಳೀತೀಯಾ?" ಎಂದರು. ಅರಿಸಿನದ ಬಣ್ಣವಾಗಬಹುದೇ ಎಂದರೆ ಅದೂ ಬೇಡ. ಕಡೆಗೆ ಮಗಳು ಹೊಳಹು ಕೊಟ್ಟಳು: ಹಳ್ಳಿಯ ಬಚ್ಚಲಿನಲ್ಲಿದ್ದ ತಾಮ್ರದ ಹಂಡೆಯನ್ನೇ ಬರೆದರೆ? ಬಾಗಿಲಿಗೆಲ್ಲ ಇಟ್ಟಿಗೆಯ ಕೆಂಪು ಬಳಿದು, ನಡುವೆ ಮಸಿ ಹಿಡಿದ ಒಂದು ಹಂಡೆ, ಪಕ್ಕದಲ್ಲಿ ಒಂದು ಚೊಂಬನ್ನು ಬರೆದಳು. ಹಂಡೆ ಸ್ವಲ್ಪ ಓರೆಯಾಗಿದೆ. ತಾಯಿಯವರು ನೋಡಿ, "ಒಲೆ ಎಲ್ಲವ್ವ?" ಎಂದು ಕೇಳಿದರು. ಮರುದಿನ ಒಲೆಯೂ ಬಂದಿತು. ಗುಂಡು ಹಿಡಿಯನ್ನು ತೆಗೆಸಿ, ಅಂಗೈ ಊರಿದರೆ ಸಾಕು ತೆರೆಯುವ ಉದ್ದ ಹಿಡಿಯನ್ನು ಹಾಕಿಸಿದೆವು. ಒಳಗಿನ ಚಿಲಕವನ್ನು ಅವಸರಕ್ಕೆ ಹೊರಗಿನಿಂದ ತೆಗೆಯಬಹುದಾದ ಬಗೆಯದಕ್ಕೆ ಬದಲಾಯಿಸಿದೆವು. ಬಾಗಿಲಿನ ಮೇಲೊಂದು ಮಂದ ದೀಪವನ್ನು ರಾತ್ರಿಯೆಲ್ಲ ಉರಿಯಬಿಟ್ಟೆವು. ವೃದ್ಧರಿರುವ ಮನೆಯವರು ಬೇರೇನನ್ನು ಮಾಡದಿದ್ದರೂ ಈ ಮೂರನ್ನು ಮಾಡಬೇಕೆಂದು ನಮ್ಮ ಬಿನ್ನಹ.

ಉಳಿದದ್ದು ತಾಯಿಯವರ ಕೋಣೆಯ ಬಾಗಿಲು. ಅದಕ್ಕೆ ಏನು ಮಾಡಬೇಕೆಂದು ಅವರನ್ನೇ ಕೇಳಿದೆವು. ಅವರು ಟ್ರಂಕಿನಿಂದ ಒಂದು ಹಳೆಯ ನೂಲಿನ ಸೀರೆಯನ್ನು ತೆಗೆದರು. ಅವರ ತವರು ಪಾಂಡವಪುರದ ಕಡೆಯ ಹಳ್ಳಿ. ಅವರು ಈಗಲೂ ಆ ಊರನ್ನು ಹಿರೋಡೆ ಎಂದೇ ಕರೆಯುತ್ತಾರೆ. ಹುಡುಗಿಯಾಗಿದ್ದಾಗ ಅಲ್ಲಿಂದ ವೈರಮುಡಿಗೆಂದು ವರ್ಷವರ್ಷವೂ ಮೇಲುಕೋಟೆಗೆ ನಡೆದುಹೋಗುತ್ತಿದ್ದವರು, ಮದುವೆಯಾದ ವರ್ಷ ಉಟ್ಟು ಹೋದ ಸೀರೆಯದು. ಒಡಲೆಲ್ಲ ಜೀರ್ಣವಾಗಿ, ಕೆಂಪಂಚು ಮಾತ್ರ ಗಟ್ಟಿಯಾಗಿತ್ತು. "ಸುಮ್ಮನೆ ಕೊಳೆಯುತ್ತೆ, ಇದನ್ನ ಹಾಕಿ" ಎಂದರು. ನಮ್ಮ ಮನೆಯಾಕೆ ಅಂಚನ್ನು ಬಿಡಿಸಿ, ಒಗೆದು, ಇಸ್ತ್ರಿ ಮಾಡಿದಳು. ಬಾಗಿಲಿನ ಮೇಲೆ ಬೀಡಿಂಗಿನ ಚೌಕಟ್ಟನ್ನು ಕೂಡಿಸಿ, ಅದರ ಒಳಬದಿಗೆ ಅಂಟನ್ನು ತೆಳುವಾಗಿ ಸವರಿ, ಅಂಚನ್ನು ಎಳೆದಾಡದೆ ಒತ್ತುತ್ತ ಬಂದೆವು. ಎಳೆದರೆ ನೂಲು ಓರೆಯಾಗುವುದು; ಅಂಟು ಹೆಚ್ಚಾದರೆ ಬಟ್ಟೆಯ ಮೇಲೆ ಕಲೆ ಮೂಡುವುದು. ಒಣಗಿದಮೇಲೆ ಕೊಳೆ ಹಿಡಿಯದಂತೆ ಮಂದವಾದ ವಾರ್ನಿಷನ್ನು ಒಂದು ಸಲ ಬಳಿದೆವು.

ಆಗ ನಮಗೆ ಚಿಲಕದ ನೆನಪು ಬಂದಿತು. ಅದು ಕರ್ರಗಾಗಿ, ತಿರುಗಣೆ ಸಡಿಲವಾಗಿತ್ತು. ನಮ್ಮ ಮನೆಯಾಕೆಯ ತವರು ನಾಗಮಂಗಲ. ಆ ಊರು ಹಿಂದಿನಿಂದಲೂ ಹಿತ್ತಾಳೆ ಕಂಚಿನ ಕೆಲಸಕ್ಕೆ ಹೆಸರಾದುದು. ಹಬ್ಬಕ್ಕೆ ಹೋದಾಗ ಚಿಲಕವನ್ನು ಕೊಂಡೊಯ್ದು ಅಲ್ಲಿಯ ಕೆಲಸಗಾರರೊಬ್ಬರಿಗೆ ತೋರಿಸಿದೆವು. ಅವರು ಅದನ್ನು ಕೈಯಲ್ಲಿ ತೂಗಿ, ಎರಕದ ಮಾಲು, ಈಗ ಇಷ್ಟು ದಪ್ಪ ಯಾರೂ ಹಾಕುವುದಿಲ್ಲವೆಂದು ಹೇಳಿ, ಸವೆದ ಕಡ್ಡಿಗೆ ಹೊಸದನ್ನು ಕೂಡಿಸಿಕೊಟ್ಟರು. ಹುಣಿಸೆಯ ಹಣ್ಣು ಉಪ್ಪುಗಳಿಂದ ತಿಕ್ಕಿದಮೇಲೆ ಚಿಲಕ ಹೊಸ ಮದುಮಗಳ ಬಳೆಯಂತೆ ಹೊಳೆಯಿತು. ಬೀಗದ ಎಡೆಯಲ್ಲಿ ಗಟ್ಟಿ ಮರವಿರುವುದರಿಂದ, ಮೊದಲು ಸಣ್ಣ ತೂತು ಕೊರೆದು, ಆಮೇಲೆ ತಿರುಪು ಮೊಳೆಗಳಿಂದ ಬಿಗಿದೆವು.

ಒಟ್ಟು ಖರ್ಚು ಐದು ಸಾವಿರ ರೂಪಾಯಿ ಮುಟ್ಟಲಿಲ್ಲ. ಅದರಲ್ಲಿ ಹೆಚ್ಚಿನ ಭಾಗ ಬಣ್ಣಕ್ಕೂ ಹಿಡಿಗಳಿಗೂ ಹೋಯಿತು. ಕೆಡಿಸಿದ ಬಣ್ಣ ಪಟ್ಟಿಗಳನ್ನು ಲೆಕ್ಕಕ್ಕೆ ಹಿಡಿಯದಿದ್ದರೆ ಇನ್ನೂ ಕಡಮೆಯಾಗುತ್ತಿತ್ತು.

ಚಿಲಕ ಹಾಕಿದ ಸಂಜೆ ತಾಯಿಯವರನ್ನು ಕರೆದು ತೋರಿಸಿದೆವು. ಅವರು ಬಾಗಿಲನ್ನು ನೋಡಲಿಲ್ಲ. ಚಿಲಕವನ್ನು ಹಿಡಿದು ಒಂದು ಸಲ ಎತ್ತಿ ಇಳಿಸಿದರು. 'ಟಣ್' ಎಂದು ನಡುಮನೆಯ ಸದ್ದೇ ಬಂದಿತು. ಇನ್ನೊಂದು ಸಲ ಎತ್ತಿ ಇಳಿಸಿದರು. "ನಿಮ್ಮಪ್ಪ ಗದ್ದೆಯಿಂದ ಬಂದಂಗಾಯ್ತು" ಎಂದು ಹೇಳಿ ಒಳಗೆ ಹೋದರು.

ಎಲ್ಲವೂ ಸರಿಹೋಯಿತೆಂದು ಬರೆದರೆ ಸುಳ್ಳಾಗುತ್ತದೆ. ವಯಸ್ಸು ಬಣ್ಣದಿಂದ ಹಿಂದಕ್ಕೆ ತಿರುಗುವುದಿಲ್ಲ. ಈಗಲೂ ಒಮ್ಮೊಮ್ಮೆ ಅವರು ಹಜಾರದಲ್ಲಿ ನಿಂತು ದಿಕ್ಕು ತೋಚದೆ ನೋಡುವುದುಂಟು. ಆಗ ಯಾರಾದರೂ, "ಹಂಡೆ ಆ ಕಡೆ ಅಜ್ಜಿ" ಎಂದರೆ ಸಾಕು, ನಗುತ್ತ ಹೋಗುತ್ತಾರೆ. ಕೂಗಿದವನು ಹೆಚ್ಚಾಗಿ ಅಂದು ನಕ್ಕ ಹುಡುಗನೇ ಆಗಿರುತ್ತಾನೆ. ತನ್ನ ಕರಿಹಲಗೆಯ ಮೇಲೆ ಅವನು ದಿನವೂ ಬೆಳಗ್ಗೆ ಅಜ್ಜಿಗೆ ಕಾಣುವಷ್ಟು ದಪ್ಪ ಅಕ್ಷರಗಳಲ್ಲಿ ಅಂದಿನ ವಾರವನ್ನೂ ತಿಥಿಯನ್ನೂ ಬರೆದಿಡುತ್ತಾನೆ. ಅವನಿಗೆ ಹಾಗೆ ಮಾಡೆಂದು ನಾವು ಹೇಳಿದ್ದಿಲ್ಲ.

ಬಂದವರು ಈಗ ನಮ್ಮ ಹಜಾರವನ್ನು ನೋಡಿ ಅಚ್ಚುಕಟ್ಟೆಂದು ಹೇಳುವುದಿಲ್ಲ. ಕೆಲವರು ಮಕ್ಕಳ ಶಾಲೆಯಂತಿದೆಯೆಂದು ಹಾಸ್ಯಮಾಡಿದ್ದಾರೆ. ನಾವು ಅವರಿಗೆ ಕಾಫಿ ಕೊಟ್ಟು ಸುಮ್ಮನಿರುತ್ತೇವೆ. ರಾತ್ರಿ ಊಟವಾದಮೇಲೆ ತಾಯಿಯವರು ಒಂದು ಲೋಟ ತುಂಬ ನೀರು ಕುಡಿದು ಮಲಗುತ್ತಾರೆ. ನಡುರಾತ್ರಿ 'ಟಣ್' ಎಂಬ ಸದ್ದು ಕೇಳಿಸುತ್ತದೆ. ಸ್ವಲ್ಪ ಹೊತ್ತಿನ ಮೇಲೆ ಇನ್ನೊಂದು ಸಲ ಕೇಳಿಸುತ್ತದೆ. ಎರಡನೆಯ ಸದ್ದಿನವರೆಗೆ ನಾವು ಎಚ್ಚರವಾಗಿದ್ದು ಆಮೇಲೆ ಮಗ್ಗುಲಾಗುತ್ತೇವೆ.